ಭಂಡಾರ ಮುಟ್ಟದ ಮಾಮಾ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ತಾಟು ಹಿತ್ತಾಳೆಯದೋ ಸ್ಟೀಲಿನದೋ, ಗುಡಿಯ ಮುಂದಿನ ಬೇವಿನ ಗಿಡ ಆಗಲೇ ಇತ್ತೋ ಆಮೇಲೆ ಬೆಳೆಯಿತೋ, ನನಗೆ ಖಾತ್ರಿಯಿಲ್ಲ. ಅವೆಲ್ಲ ಹೋಗಲಿ, ಆ ಮಧ್ಯಾಹ್ನ ನಾನು ಅಲ್ಲಿದ್ದೆನೇ ಎಂಬುದೇ ಅನುಮಾನ. ನನ್ನ ಕಣ್ಣ ಮುಂದೆ ಎಲ್ಲವೂ ಸ್ಪಷ್ಟವಾಗಿದೆ: ಗುಡಿಯ ಕಟ್ಟೆ, ರುಮಾಲು ಸುತ್ತಿದ ಹಿರಿಯರು, ಹೊಸ್ತಿಲ ಮೇಲಿಟ್ಟ ತಾಟು, ಅದರಿಂದ ದೂರ ನಿಂತ ಮಾಳಪ್ಪ ಮಾಮಾ. ಆದರೆ ಅವ್ವ ಒಪ್ಪುವುದಿಲ್ಲ. “ನೀ ಎಲ್ಲಿದ್ದಿ? ಪರೀಕ್ಷಾ ಐತಿ ಅಂತ ಬಬಲೇಶ್ವರದಾಗ ಕುಂತಿದ್ದಿ. ಮರುದಿನ ಬಂದಿ, ಬಂದಾಕಿ ಮೊದಲ ಹಸಿವಿ ಅಂದಿ” ಎನ್ನುತ್ತಾಳೆ. ಹಸಿವೆ ಎಂದದ್ದು ನಿಜವಿರಬೇಕು. ಅಂದಿನ ನನ್ನ ಡೈರಿಯಲ್ಲಿರುವುದು ಇಷ್ಟೇ: ‘ಬಿಸಿಲು ಬಹಳ. ಎಲ್ಲರೂ ಸಿಟ್ಟಾಗಿದ್ದಾರೆ.’ ವಿಜಯಪುರ ಜಿಲ್ಲೆಯಲ್ಲಿ ಇಂಥ ದಿನಚರಿಯನ್ನು ಯಾವ ದಿನ ಬೇಕಾದರೂ ಬರೆಯಬಹುದು.

ಇದನ್ನೆಲ್ಲ ಮತ್ತೆ ನೆನಪಿಗೆ ತಂದವನು ಸ್ಟೇಷನ್ ರಸ್ತೆಯ ನಮ್ಮ ಟೇಲರ್. ಮದುವೆಯೊಂದಕ್ಕೆ ಹೊಲಿಯಲು ಕೊಟ್ಟ ಬ್ಲೌಸು, ಮದುವೆ ಮುಗಿದು ಮದುಮಕ್ಕಳು ಮೊದಲ ಜಗಳ ಆಡಿದ ಸುದ್ದಿ ಬಂದರೂ ಸಿದ್ಧವಾಗಿರಲಿಲ್ಲ.

“ಶುಕ್ರವಾರ ಕೊಟ್ಟ ಬಿಡ್ತೀನ್ರಿ ಮೇಡಂ, ದೇವರಾಣಿ” ಎಂದ.

“ಹೋದ ವಾರನೂ ದೇವರಾಣಿ ಅಂದಿದ್ರಿ.”

“ಅದು ಹೋದ ವಾರದ ಆಣಿ ರೀ. ಅದು ಮುಗದ ಹೋತು.”

ನಾನು ಸಿಟ್ಟಿನಿಂದ, “ಈ ಸಲ ತಪ್ಪಿದ್ರ ಬ್ಯಾರೆ ಕಡೆ ಕೊಡ್ತೀನಿ ನೋಡ್ರಿ, ದೇವರಾಣಿ” ಎಂದು ಹೇಳಿ ಹೊರಬಿದ್ದೆ. ಸೊಲ್ಲಾಪುರ ರಸ್ತೆಯ ಮನೆಗೆ ಆಟೋದಲ್ಲಿ ಬರುವಾಗ ನನ್ನ ಮಾತೇ ನನಗೆ ವಿಚಿತ್ರವಾಗಿ ಕೇಳಿಸಿತು. ನಾನು ಪಿಯು ಮಕ್ಕಳಿಗೆ ತರ್ಕಶಾಸ್ತ್ರ ಹೇಳಿಕೊಡುವವಳು. ದೇವರಿದ್ದಾನೋ ಇಲ್ಲವೋ ಎಂಬುದನ್ನು ಈ ವಯಸ್ಸಿನಲ್ಲೂ ತೀರ್ಮಾನಿಸಿಲ್ಲ. ಎಂ.ಎ. ಓದುವಾಗ ‘ದೇವರನ್ನು ನಂಬದೆ ನೀತಿಯಿಂದ ಬದುಕಲು ಸಾಧ್ಯವೇ?’ ಎಂಬ ಪ್ರಶ್ನೆಗೆ, ಸಾಧ್ಯ ಎಂದು ಅರ್ಧ ಪುಟ, ಸಾಧ್ಯವಿಲ್ಲ ಎಂದು ಅರ್ಧ ಪುಟ ಬರೆದು, ಒಳ್ಳೆಯ ಅಂಕ ಪಡೆದು, ಪರೀಕ್ಷೆಗೆ ಮೊದಲು ಹರಕೆ ಹೊತ್ತಿದ್ದ ತೆಂಗಿನಕಾಯಿಯನ್ನು ತಪ್ಪದೆ ಒಡೆಸಿದ್ದೆ. ಹಾಗೆ ಇದ್ದಾನೋ ಇಲ್ಲವೋ ಗೊತ್ತಿಲ್ಲದವನನ್ನು ಒಂದು ಬ್ಲೌಸಿನ ಸಲುವಾಗಿ ಸಾಕ್ಷಿಗೆ ಕರೆದಿದ್ದೆ. ಟೇಲರನಾದರೂ ಗುರುವಾರಕ್ಕೊಮ್ಮೆ ಅಂಗಡಿ ಮುಚ್ಚಿ ಗುಡಿಗೆ ಹೋಗುತ್ತಾನೆ.

ನಮ್ಮ ಮನೆತನದಲ್ಲಿ ಹೀಗೆ ಬಾಯಿತಪ್ಪಿಯೂ ಆಣೆ ಮಾಡದ ಒಬ್ಬರೇ ಒಬ್ಬರಿದ್ದಾರೆ. ಅವರೇ ನನ್ನ ಸೋದರಮಾವ ಮಾಳಪ್ಪ. ಹೆಸರು ಮಾತ್ರ ಮನೆದೇವರದು.

ಅವರ ಕಥೆಗೆ ಮೊದಲು ಭಂಡಾರದ ಬಗ್ಗೆ ಹೇಳಬೇಕು. ಭಂಡಾರವೆಂದರೆ ಅರಿಶಿನದ ಪುಡಿ, ಅಷ್ಟೇ. ಆದರೆ ಮನೆದೇವರ ಮುಂದೆ ಇಟ್ಟು ತಂದರೆ ಆಮೇಲೆ ಅದನ್ನು ಯಾರೂ ಅರಿಶಿನ ಎನ್ನುವುದಿಲ್ಲ. ಹಣೆಗೆ ಹಚ್ಚುತ್ತಾರೆ, ಕುರಿಗಳ ಮೇಲೆ ಎರಚುತ್ತಾರೆ, ಜಗಳ ಹರಿಯದಿದ್ದರೆ ಅದನ್ನು ಮುಟ್ಟಿ ಆಣೆ ಮಾಡುತ್ತಾರೆ. ಭಂಡಾರ ಮುಟ್ಟಿ ಹೇಳಿದ ಮೇಲೆ ಮಾತು ಮುಗಿಯಿತು. ಕೋರ್ಟಿಗಾದರೆ ಮೇಲ್ಮನವಿ ಉಂಟು, ಇದಕ್ಕಿಲ್ಲ.

ಕಳ್ಳಕವಟಗಿಯ ಅಜ್ಜಿಮನೆಯಲ್ಲಿ ಆಯಿ, ಎಂದರೆ ಅವ್ವನ ಅವ್ವ, ಅಡುಗೆಯ ಅರಿಶಿನವನ್ನೂ ಭಂಡಾರವನ್ನೂ ಒಂದೇ ಥರದ ಎರಡು ಡಬ್ಬಿಗಳಲ್ಲಿ ಇಟ್ಟಿರುತ್ತಿದ್ದಳು. ಒಮ್ಮೆ ಅವ್ವ ಅವಸರದಲ್ಲಿ ಭಂಡಾರದ ಡಬ್ಬಿ ತೆಗೆದು ಬೇಳೆಗೆ ಹಾಕಿಬಿಟ್ಟಳು. ಆಯಿ ಎದೆಯ ಮೇಲೆ ಕೈಯಿಟ್ಟು ಕೂತಳು. ಚೆಲ್ಲುವ ಹಾಗಿಲ್ಲ, ಪ್ರಸಾದ. ಉಣ್ಣುವ ಹಾಗೂ ಇಲ್ಲ, ಅದರ ಮೇಲೆ ಆಣೆ ನಡೆಯುತ್ತದೆ. ಬಹಳ ವಿಚಾರ ಮಾಡಿ ತೀರ್ಪು ಕೊಟ್ಟಳು: “ಎಲ್ಲಾರೂ ಉಣ್ರಿ. ಆದ್ರ ಉಣ್ಣೋತನಕ ಯಾರೂ ಸುಳ್ಳ ಮಾತಾಡಬ್ಯಾಡ್ರಿ, ಹೊಟ್ಟ್ಯಾಗ ಭಂಡಾರ ಹೊಂಟೈತಿ.”

ಎಲ್ಲರೂ ಬಾಯಿ ಮುಚ್ಚಿ ಉಂಡೆವು. ಏನು ಹೇಳಿದರೆ ಅದರಲ್ಲಿ ಎಷ್ಟು ಸುಳ್ಳಿರುತ್ತದೋ ಯಾರಿಗೆ ಗೊತ್ತು? ಮಾಮಾ ಮಾತ್ರ ಎರಡನೆಯ ತುತ್ತಿಗೇ, “ಹಂಗಾರ ಉಪ್ಪ ಜಾಸ್ತಿ ಆಗೇತಿ ಬೇ ಯವ್ವಾ” ಎಂದರು.

ಅದೇ ಮನೆಯಲ್ಲಿ ಒಂದು ಬೇಸಿಗೆ ಒಣದ್ರಾಕ್ಷಿ ಕಾಣೆಯಾದವು. ಅಥವಾ ಶೇಂಗಾದ ಉಂಡಿಯೋ ಏನೋ. ಆಯಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಭಂಡಾರದ ಡಬ್ಬಿ ಹಿಡಿದಳು. ಒಬ್ಬೊಬ್ಬರೇ ಮುಟ್ಟಿ “ನಾ ತಿಂದಿಲ್ಲ” ಎನ್ನಬೇಕು. ನಮ್ಮಲ್ಲಿ ಒಂದು ಗುಟ್ಟು ಚಾಲ್ತಿಯಲ್ಲಿತ್ತು: ಆಣೆ ಮಾಡುವಾಗ ಎಡಗಾಲಿನ ಹೆಬ್ಬೆರಳಿನ ಮೇಲೆ ಪಕ್ಕದ ಬೆರಳನ್ನು ಏರಿಸಿದರೆ ಆಣೆ ಹತ್ತುವುದಿಲ್ಲ. ಕಳ್ಳರು ಯಾರೋ, ಆ ಬೆರಳಿನ ಬಲದಿಂದ ಪಟಪಟನೆ ಮುಟ್ಟಿ ಪಾರಾದರು. ಏನೂ ತಿನ್ನದ ನಾನು ನನ್ನ ಸರದಿಯಲ್ಲಿ ತಡವರಿಸಿದೆ. ದೇವರಿಗೆ ಯಾರೋ ತಪ್ಪು ಸುದ್ದಿ ಕೊಟ್ಟಿದ್ದರೆ? ಅಷ್ಟು ಮಕ್ಕಳಲ್ಲಿ ಅವನಿಗೆ ಗುರುತು ತಪ್ಪಿದರೆ? ತಡವರಿಸಿದ್ದೇ ಸಾಕ್ಷಿಯಾಯಿತು. ಬೆನ್ನಿಗೆ ಬಿದ್ದ ಏಟು ಈಗಲೂ ನೆನಪಿದೆ. ಈ ಒಂದು ವಿವರವನ್ನು ಯಾರು ಅಲ್ಲಗಳೆದರೂ ನಾನು ಒಪ್ಪುವುದಿಲ್ಲ.

ಮಾಮಾ ಯಾವಾಗ ದೇವರನ್ನು ಬಿಟ್ಟರು ಎಂದು ಯಾರಿಗೂ ಸರಿಯಾಗಿ ತಿಳಿಯದು. ವಿಜಯಪುರದಲ್ಲಿ ಡಿಗ್ರಿ ಓದಿ ಬಂದ ಮೇಲೆ ಎಂದು ಆಯಿ ಕಾಲೇಜನ್ನು ಬಯ್ಯುತ್ತಾಳೆ. ಅವರು ವಾದ ಮಾಡುತ್ತಿರಲಿಲ್ಲ. ಊರವರು ಕೈಮುಗಿಯುವಾಗ ಬದಿಗೆ ಸರಿದು ನಿಲ್ಲುತ್ತಿದ್ದರು, ಬಸ್ಸಿಗೆ ದಾರಿ ಬಿಟ್ಟವರಂತೆ. ಆಯುಧಪೂಜೆಯ ದಿನ ಟ್ರ್ಯಾಕ್ಟರ್ ತೊಳೆಯುತ್ತಿದ್ದರು, ಪೂಜೆ ಮಾಡುತ್ತಿರಲಿಲ್ಲ. “ಹೊಲಸ ಆಗಿತ್ತು, ತೊಳದೆ” ಎನ್ನುತ್ತಿದ್ದರು. ಊರಿನಲ್ಲಿ ಇದನ್ನು ಯಾರೂ ದೊಡ್ಡದು ಮಾಡಿರಲಿಲ್ಲ, ಬಾವಿಯ ಜಗಳ ಬರುವವರೆಗೆ.

ಬಾವಿ ಎರಡು ಮನೆಗಳ ಪಾಲಿನದು. ಮುತ್ಯಾ, ಎಂದರೆ ಆಯಿಯ ಗಂಡ, ಮತ್ತು ಅವರ ಅಣ್ಣ ಸೇರಿ ತೋಡಿಸಿದ್ದು. ವಾರದಲ್ಲಿ ಮೂರು ದಿನ ಅವರ ನೀರಿನ ಪಾಳಿ, ಮೂರು ದಿನ ಇವರದು. ಉಳಿದ ಸೋಮವಾರದ ಪಾಳಿ ಯಾರದೆಂದು ಅಣ್ಣತಮ್ಮಂದಿರಿಗೆ ಮಾತ್ರ ಗೊತ್ತಿತ್ತು. ಮುತ್ಯಾ ಮೊದಲು ಹೋದರು, ಆಮೇಲೆ ಅವರ ಅಣ್ಣ. ಆ ಅಣ್ಣನ ಮಗ ಭೀಮಣ್ಣ ಸೋಮವಾರ ತನ್ನದೆಂದ. ಮಾಮಾ ಹೇಳಿದ್ದು: ದೊಡ್ಡಪ್ಪ ಹಾಸಿಗೆ ಹಿಡಿದಾಗ ನನ್ನೊಬ್ಬನನ್ನೇ ಕೂರಿಸಿಕೊಂಡು, ಸೋಮವಾರ ನಿಮ್ಮ ಮನಿದು ಎಂದಿದ್ದ. ಆಗ ಮಾಮಾ ದ್ರಾಕ್ಷಿ ಬಳ್ಳಿ ಹೊಸದಾಗಿ ಹಚ್ಚಿದ್ದರು. ಮೊದಲ ಚಾಟ್ನಿ, ಬಳ್ಳಿ ಸವರುವ ಕೆಲಸ, ಮುಗಿದಿತ್ತು. ಚಿಗುರಿಗೆ ನೀರು ಬೇಕಿತ್ತು.

ಹಿರಿಯರು ಗುಡಿಯ ಕಟ್ಟೆಗೆ ಕರೆದರು. ಪೂಜಾರಿ ಭಂಡಾರದ ತಾಟನ್ನು ಹೊಸ್ತಿಲ ಮೇಲಿಟ್ಟ. ಭೀಮಣ್ಣ ಮುಂದೆ ಬಂದು ಮುಟ್ಟಿ, “ನಮ್ಮಪ್ಪ ನನ್ನ ಮುಂದ ಹಂಗ ಹೇಳಿಲ್ಲ” ಎಂದ. ಅದು ಸುಳ್ಳಲ್ಲ, ಅವನ ಮುಂದೆ ಹೇಳಿರಲಿಲ್ಲವಲ್ಲ. ಮಾಮಾ ಕದಲಲಿಲ್ಲ.

“ಮುಟ್ಟಪಾ ಮಾಳಪ್ಪ” ಎಂದರು ಹಿರಿಯರು.

“ಹೇಳೋದು ಹೇಳೇನ್ರಿ. ಖರೆ ಮಾತದು. ಆಣಿ ಮಾಡಂಗಿಲ್ಲ.”

“ಖರೆ ಇದ್ರ ಮುಟ್ಟಾಕ ಏನ ಧಾಡಿ ನಿನಗ?”

“ನನ್ನ ಪಾಲಿಗಿ ಅವ ಇಲ್ರಿ. ಇಲ್ಲದವನ ಹೆಸರ ಮ್ಯಾಲ ಆಣಿ ಮಾಡಿದ್ರ ಅದು ಸುಳ್ಳ ಆಣಿ ಆಗ್ತೈತಿ. ಖರೆ ಮಾತಿಗಿ ಸುಳ್ಳ ಆಣಿ ಯಾಕ ಬೇಕು?”

ಹಿಂದಿನಿಂದ ಯಾರೋ, “ನಿನ್ನ ಫಟಫಟಿ ಮ್ಯಾಲ ಆಣಿ ಮಾಡಪಾ, ಅದಾದ್ರೂ ಐತೆಲ್ಲ” ಎಂದು ಮಾಮಾನ ಬೈಕು ತೋರಿಸಿದರು. ಜನ ನಕ್ಕಿತು. ಒಬ್ಬ ಹಿರಿಯರು ಮಾತ್ರ ನಗದೆ, ಬೇಸರದಿಂದಲೇ ಕೇಳಿದರಂತೆ: “ದೇವ್ರ ಅಂಜಿಕಿನ ಇಲ್ಲದವನ ಮಾತು ಹೆಂಗ ನಂಬಬೇಕೋ ತಮ್ಮಾ?”

ಒಂದು ವಿಷಯ ನಾನು ಅಂದಿನಿಂದಲೂ ಯೋಚಿಸುತ್ತಿದ್ದೇನೆ. ಆ ಕಟ್ಟೆಯ ಮೇಲಿದ್ದವರಲ್ಲಿ ಆಣೆಯನ್ನು ಎಲ್ಲರಿಗಿಂತ ದೊಡ್ಡದೆಂದು ತಿಳಿದವರು ಮಾಮಾ ಒಬ್ಬರೇ ಇರಬೇಕು. ತಡವರಿಸಿದವನೇ ಕಳ್ಳ ಎಂಬ ಆಯಿಯ ನ್ಯಾಯವೇ ಅಲ್ಲಿಯೂ ನಡೆಯಿತು, ಸೋಮವಾರ ಭೀಮಣ್ಣನದಾಯಿತು.

ಆದರೆ ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಅದನ್ನು ಪಾಠದಲ್ಲಿ ಒಂದು ಉದಾಹರಣೆಯಾಗಿ ಹೇಳಿ ಸುಮ್ಮನಾಗುತ್ತಿದ್ದೆ. ಮರುದಿನ ಬೆಳಿಗ್ಗೆ ಆಯಿ ಸ್ನಾನ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಯಾರಿಗೂ ಹೇಳದೆ ಗುಡಿಗೆ ನಡೆದಳು. ಪೂಜಾರಿಯ ಮುಂದೆ, ಅಲ್ಲಿ ಕೂತಿದ್ದ ಹಿರಿಯರ ಮುಂದೆ ಭಂಡಾರ ಮುಟ್ಟಿ ಹೇಳಿದಳು: “ನಮ್ಮ ಭಾವ ನನ್ನ ಮುಂದನೂ ಹೇಳ್ಯಾನ. ಸೋಮವಾರ ನನ್ನ ಮಗಂದು.”

ಆಯಿಯ ಮಾತೆಂದರೆ ಊರಿಗೆ ಬೆಲೆ. ಅಷ್ಟಕ್ಕೇ ಪಾಳಿ ತಿರುಗಿ ಮಾಮಾನ ಕಡೆ ಬಂತು. ಸುದ್ದಿ ಹೊಲಕ್ಕೆ ಮುಟ್ಟಿತು. ಮಾಮಾ ಕೆಸರುಗಾಲಲ್ಲೇ ಗುಡಿಗೆ ಬಂದು ಕಟ್ಟೆಯ ಕೆಳಗೆ ನಿಂತು, “ನಮ್ಮವ್ವ ಅವತ್ತ ಟಿಕೋಟಾ ಸಂತಿಗಿ ಹೋಗಿದ್ಲ್ರಿ. ಆಕಿ ಏನೂ ಕೇಳಿಲ್ಲ” ಎಂದರು.

ಇದನ್ನು ನಾನು ಖಂಡಿತ ಕಂಡಿದ್ದೇನೆ. ಅವ್ವನ ಲೆಕ್ಕದ ಪ್ರಕಾರವೂ ಆ ಹೊತ್ತಿಗೆ ನಾನು ಊರಿಗೆ ಬಂದು ಹಸಿವೆ ಎಂದಾಗಿತ್ತು. ಆಯಿಯ ಕೈ ಇನ್ನೂ ಹಳದಿಯಾಗಿತ್ತು. ಅವಳು ಮಗನನ್ನು ನೋಡಿದಳು. ಸಿಟ್ಟಿರಲಿಲ್ಲ. ತುಂಬಿದ ಕೊಡ ಕೈಜಾರಿದಾಗ ಹೆಂಗಸರ ಮುಖದಲ್ಲಿ ಬರುವ ಒಂದು ನೋಟವಿದೆಯಲ್ಲ, ಅದು.

“ನಿನ್ನ ಸಲುವಾಗಿ ಮುಟ್ಟಿನೋ ನನ್ನಪ್ಪಾ” ಎಂದಳು.

“ಗೊತ್ತೈತಿ ಬೇ” ಎಂದರು ಮಾಮಾ.

ಸೋಮವಾರ ಮತ್ತೆ ಭೀಮಣ್ಣನಿಗೆ ಹೋಯಿತು. ಆ ವರ್ಷ ಬಳ್ಳಿಯ ಒಂದು ಪಾಲು ಒಣಗಿತು. ಆಯಿಗೆ ಯಾರೂ ಏನೂ ಅನ್ನಲಿಲ್ಲ, ಗುಡಿಗೆ ಬರಬೇಡ ಎನ್ನಲಿಲ್ಲ. ಅವಳೇ ಮುಂದಿನ ಅಮಾವಾಸ್ಯೆಗೆ ಹೊಸ್ತಿಲ ಹೊರಗೆ ನಿಂತುಬಿಟ್ಟಳು. ಸುಳ್ಳು ಭಂಡಾರ ಹಿಡಿದವರ ಶಾಪ ಮಕ್ಕಳಿಗೆ ತಟ್ಟುತ್ತದಂತೆ. ಅದಕ್ಕೇ ದೇವರ ಹತ್ತಿರ ಅವಳು ಒಂದು ಒಪ್ಪಂದ ಮಾಡಿಕೊಂಡಿದ್ದಳು. ನನಗೆ ಹೇಳಿದ್ದು ಹೀಗೆ: “ನಾನ ಹೊರಗ ನಿಂತ್ಕೊತೀನಿ, ಹಣಿಗಿ ಭಂಡಾರ ಹಚ್ಚಂಗಿಲ್ಲ. ನನ್ನ ಮಗನ ತಂಟೆಕ ಹೋಗಬ್ಯಾಡ ಅಂತ ಅಂದೇನಿ ಅವಗ.” ಆ ಒಪ್ಪಂದವನ್ನು ಅವಳು ಈವರೆಗೂ ಮುರಿದಿಲ್ಲ. ಪ್ರತಿ ಅಮಾವಾಸ್ಯೆ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗುಡಿಗೆ ಕರೆದೊಯ್ಯುವವರು ಮಾಮಾ. ಅವಳು ಹೊಸ್ತಿಲ ಹೊರಗೆ ನಿಲ್ಲುತ್ತಾಳೆ, ಪಕ್ಕದಲ್ಲಿ ಅವರೂ ನಿಲ್ಲುತ್ತಾರೆ. ಒಬ್ಬಳು ದೇವರಿದ್ದಾನೆಂದು ಹೊರಗೆ, ಒಬ್ಬರು ಇಲ್ಲವೆಂದು ಹೊರಗೆ.

ಈಗ ಆ ಕಡೆಗೆಲ್ಲ ಕಾಲುವೆಯ ನೀರು ಬಂದಿದೆ. ಸೋಮವಾರದ ಪಾಳಿಯನ್ನು ಯಾರೂ ಕೇಳುವುದಿಲ್ಲ. ಬಾವಿಯಲ್ಲಿ ಪಾರಿವಾಳ ಗೂಡು ಕಟ್ಟಿವೆ. ಭೀಮಣ್ಣ ಪಂಢರಪುರಕ್ಕೆ ಹೋಗುವಾಗ ಒಣದ್ರಾಕ್ಷಿ ತುಂಬಿದ ತನ್ನ ಶೆಡ್ಡಿನ ಕೀಲಿಯನ್ನು ಮಾಮಾನ ಕೈಗೆ ಕೊಟ್ಟು ಹೋಗುತ್ತಾನೆ. ಒಮ್ಮೆ ನಾನು ತಡೆಯಲಾರದೆ, “ದೇವ್ರ ಅಂಜಿಕಿ ಇಲ್ಲದವರ ಕೈಯಾಗ ಕೀಲಿ ಕೊಡ್ತೀರಲ್ರಿ?” ಎಂದು ಕೇಳಿದ್ದೆ.

ಭೀಮಣ್ಣ ತಲೆ ಕೆರೆದುಕೊಂಡ. “ದೇವ್ರಿಗಿ ಅಂಜೋ ಮಂದಿ ಊರಾಗ ಭಾಳ ಅದಾರವ್ವ. ಆದ್ರ ಕೀಲಿ ಇವನ ಕಡೆ ಇದ್ರ ನನಗ ಅಲ್ಲಿ ಭಜನಿಯೊಳಗ ಮನಸ್ಸ ನಿಲ್ತೈತಿ.”

ಎಂ.ಎ. ಪರೀಕ್ಷೆಯಲ್ಲಿ ಈ ವಾಕ್ಯ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಯಾವ ಅರ್ಧ ಪುಟದಲ್ಲಿ ಬರೆಯಬೇಕಿತ್ತೋ ಗೊತ್ತಾಗುತ್ತಿರಲಿಲ್ಲ.

ಟೇಲರನ ಆ ಪ್ರಸಂಗದ ಮುಂದಿನ ರಜೆಯಲ್ಲಿ, ಅಂದೇ ಅಮಾವಾಸ್ಯೆ, ಕಳ್ಳಕವಟಗಿಗೆ ಹೋದೆ. ಆಯಿಯ ಮೊಣಕಾಲು ಪೂರ್ತಿ ಹಿಡಿದುಕೊಂಡಿವೆ. ಗೋಡೆ ಹಿಡಿದು ನಡೆಯುತ್ತಾಳೆ. ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಕೆಲಸ ಹೇಳಿದಳು. ಪೂಜಾರಿ ದಾರಿಯೊಂದನ್ನು ತೋರಿಸಿದ್ದಾನಂತೆ. ಅಂದು ದೊಡ್ಡಪ್ಪನ ಮಾತು ಕೇಳಿದವನು ಮಾಳಪ್ಪ ಒಬ್ಬನೇ. ಅವನು ಬಂದು ಭಂಡಾರ ಮುಟ್ಟಿ, ಮಾತು ಖರೆ ಇತ್ತು ಎಂದರೆ, ಸೋಮವಾರ ಮಗನದೆಂದು ಆಯಿ ಮಾಡಿದ ಆಣೆಯೂ ಖರೆಯಾಗುತ್ತದೆ, ತಾನೂ ಕೇಳಿದೆ ಎಂದ ಸುಳ್ಳಿನ ದೋಷ ಅದರಲ್ಲಿ ಕಳೆದುಹೋಗುತ್ತದೆ. ಅವಳು ಒಳಗೆ ಬರಬಹುದು.

“ಇನ್ನ ಎಷ್ಟ ಅಮಾಸಿ ನೋಡ್ತೀನೋ ಏನೋ. ಒಮ್ಮೆ ಒಳಗ ಹೋಗಿ ಹಣಿಗಿ ಭಂಡಾರ ಹಚ್ಕೊಂಡ ಬರಬೇಕು. ನೀ ಹೇಳ ಅವಗ. ನೀ ಕಲಿತಾಕಿ, ನಿನ್ನ ಮಾತ ಕೇಳ್ತಾನ.”

“ಅವರು ನಂಬಂಗಿಲ್ಲಲ್ಲ ಆಯಿ.”

“ನಂಬೂದು ಯಾರಿಗಿ ಬೇಕಾಗೇತಿ? ಕೈ ಮುಟ್ಟಿದ್ರ ಸಾಕು.”

ಮಾಮಾ ಶೆಡ್ಡಿನಲ್ಲಿದ್ದರು. ಜಾಳಿಗೆಯ ಅಟ್ಟಣಿಗೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಒಳಗೆಲ್ಲ ಬೆಲ್ಲ ಕಾಸಿದಂಥ ವಾಸನೆ. ಮಾಮಾ ತೊಟ್ಟು ಬಿಡಿಸುತ್ತ ನನ್ನ ಮಾತನ್ನೆಲ್ಲ ಕೇಳಿದರು.

“ಏನ ಸುಮಿ, ವಕೀಲಕಿ ಯಾವಾಗಿಂದ ಚಾಲೂ ಮಾಡೀದಿ?”

“ಆಯಿ ಭಾಳ ಸೊರಗ್ಯಾಳ್ರಿ ಮಾಮಾ.”

“ದಿನಾ ನೋಡಾಕತ್ತೇನಿ” ಎಂದರು. ಇನ್ನೊಂದು ಹಿಡಿ ಎತ್ತಿಕೊಂಡರು. “ನಾ ಮುಟ್ಟಿದ್ರ ಆಕಿ ಒಳಗ ಹೋಗ್ತಾಳ, ಖರೆ. ಆದ್ರ ನನ್ನ ಸುಳ್ಳ ಆಣಿ ಮ್ಯಾಲ ಕಾಲಿಟ್ಟ ಹೋಗ್ತಾಳ. ಆಕಿಗಿ ಅವ ಅದಾನ. ಇಷ್ಟ ವರ್ಷ ಹೊರಗ ನಿಂತ ಅವನ ಮರ್ಯಾದಿ ಕಾದಾಕಿ ಆಕಿ. ಈಗ ನಾ ನಾಟಕ ಮಾಡಿ ಒಳಗ ಕಳಸ್ಲೇನು?”

ತರ್ಕದಲ್ಲಿ ತಪ್ಪಿರಲಿಲ್ಲ. ಪೂಜಾರಿಯ ತರ್ಕದಲ್ಲೂ ತಪ್ಪಿರಲಿಲ್ಲ. ನನ್ನ ವಿದ್ಯಾರ್ಥಿಗಳಾಗಿದ್ದರೆ ಇಬ್ಬರಿಗೂ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಆಯಿಯ ಮೊಣಕಾಲು ಯಾವ ಸೂತ್ರದೊಳಗೂ ಕೂರುತ್ತಿರಲಿಲ್ಲ.

ಸಂಜೆ ಆಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು. ನಾನು ಹಿಂದೆ ನಡೆದು ಹೋದೆ. ನಾನು ತಲುಪುವಾಗ ಇಬ್ಬರೂ ಹೊಸ್ತಿಲ ಹೊರಗೆ ನಿಂತಿದ್ದರು. ಮಾಮಾ ಚಪ್ಪಲಿ ಬಿಟ್ಟಿದ್ದರು. ಅವರು ಯಾವಾಗಲೂ ಬಿಡುತ್ತಾರೋ, ಅಂದು ಮಾತ್ರ ಬಿಟ್ಟಿದ್ದರೋ ಗೊತ್ತಿಲ್ಲ, ನಾನು ಗಮನಿಸಿದ್ದು ಅಂದೇ. ಪೂಜಾರಿ ತಾಟು ತಂದು ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋದ. ತಾಟು ಸ್ಟೀಲಿನದು, ಈ ಸಲ ಸರಿಯಾಗಿ ನೋಡಿದ್ದೇನೆ.

ಆಯಿ ಮಗನ ಮುಖ ನೋಡಲಿಲ್ಲ, ಕೈ ನೋಡಿದಳು. ಮಾಮಾನ ಕೈಗಳು ಇನ್ನೂ ದ್ರಾಕ್ಷಿಯ ಅಂಟಿನಿಂದ ಕಪ್ಪಾಗಿದ್ದವು. ಅವರು ಟವೆಲಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು, ಊಟಕ್ಕೆ ಕೂರುವವರಂತೆ, ಅಥವಾ ಕೂಸನ್ನು ಎತ್ತಿಕೊಳ್ಳುವವರಂತೆ. ಕೈ ಅರ್ಧ ದಾರಿಯವರೆಗೆ ಹೋಯಿತು. ಆಮೇಲೆ ಹಿಂದಕ್ಕೆ ಸರಿದು ಬೆನ್ನ ಹಿಂದೆ ಕಟ್ಟಿಕೊಂಡಿತು.

“ಇರ್ಲಿ ಬಿಡಪಾ” ಎಂದಳು ಆಯಿ. “ಮುಂದಿನ ಅಮಾಸಿಗಿ ನೋಡೂಣು.” ಅವಳೇ ಅವರನ್ನು ಸಮಾಧಾನ ಮಾಡುತ್ತಿದ್ದಳು.

ಆಯಿ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ, ಬೈಕಿನ ಹತ್ತಿರ ಮಾಮಾನಿಗೆ ನಾನೊಂದು ಮಾತು ಕೇಳಿದೆ. ಗದರಿಸಲು ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಅವರು ಕೀಲಿ ತಿರುಗಿಸಿದರು, ಗಾಡಿ ಚಾಲೂ ಆಯಿತು. ಆಮೇಲೆ ವಿಜಯಪುರದ ಬಸ್ಸಿನಲ್ಲಿ ಒಣದ್ರಾಕ್ಷಿ ಕಳಿಸಿದ್ದಾರೆ. ಫೋನು ಮಾಡಿ ಬ್ಲೌಸು ಬಂತೇನು ಎಂದು ವಿಚಾರಿಸಿದ್ದಾರೆ. ಆಯಿಯ ಕಾಲಿಗೆ ಹೊಸ ಎಣ್ಣೆ ತಂದ ಸುದ್ದಿ ಹೇಳಿದ್ದಾರೆ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ. ಅದನ್ನು ಅಂದು ಕೇಳಿದಂತೆಯೇ ಇಲ್ಲಿ ಬರೆದಿಡುತ್ತೇನೆ. ಇದರಲ್ಲಿ ನನ್ನ ನೆನಪು ತಪ್ಪಿಲ್ಲ:

“ಮಾಮಾ, ದೇವ್ರು ಇಲ್ಲಂದ ಮ್ಯಾಲ ಅದು ಬರೇ ಅರಿಷಿಣ ಪುಡಿ ಅಲ್ಲೇನ್ರಿ? ಮತ್ತ ನಿಮ್ಮ ಕೈ ಯಾಕ ಹಿಂದ ಹೋತು?”